ಮಡಚುವ ಚೌಕಟ್ಟಿನ ಕೀಲು: ತಿರುಗಲೂ ಬೇಕು, ಅಲ್ಲಾಡಲೂ ಬಾರದು

ಪ್ರಶ್ನೆ: ಮಡಚಿ ಸಾಗಿಸಬಹುದಾದ ಒಂದು ಚೌಕಟ್ಟು ಮಾಡುತ್ತಿದ್ದೇನೆ. 30×30 ಮಿ.ಮೀ. ಅಲ್ಯೂಮಿನಿಯಂ ಚೌಕ ಪೈಪು, ಗೋಡೆ 2 ಮಿ.ಮೀ. ದಪ್ಪ, ಒಂದೊಂದು ಪೈಪೂ ಸುಮಾರು 1 ಮೀಟರ್ ಉದ್ದ. ಪ್ರತಿ ಬದಿಯಲ್ಲೂ ಎರಡು ಪೈಪು ಕತ್ತರಿಯಂತೆ ಸೇರುತ್ತವೆ, ಮೂಲೆಗಳಲ್ಲಿ ಪೈಪುಗಳ ತುದಿಗಳನ್ನು ಸೇರಿಸಿ ಹಿಡಿಯುವ ಹಬ್ ಇದೆ. ಇಂಥ ಮಾಡ್ಯೂಲ್‌ಗಳನ್ನು ಒಂದರ ಪಕ್ಕ ಒಂದು ಸೇರಿಸಿ ದೊಡ್ಡದು ಮಾಡಬೇಕು. ಎಲ್ಲ ಕೀಲಿಗೂ 8 ಮಿ.ಮೀ. ಬೋಲ್ಟು ಹಾಕಿದ್ದೇನೆ. ನಟ್ಟು ಬಿಗಿ ಮಾಡಿದರೆ ಮಡಚುವುದಿಲ್ಲ, ಸಡಿಲ ಬಿಟ್ಟರೆ ಇಡೀ ಚೌಕಟ್ಟು ತೂಗಾಡುತ್ತದೆ. ಮಡಚಿದಾಗಲೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ದಪ್ಪ ಬೋಲ್ಟು ಹಾಕಲೇ? ಅಥವಾ ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಜಾಯಿಂಟ್‌ಗೆ ಹೋಗಲೇ?

ಉತ್ತರ: ಮೊದಲು ಕೊನೆಯ ಎರಡು ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ಬೋಲ್ಟು ದಪ್ಪ ಮಾಡಿದರೆ ತೂಗಾಟ ಕಡಿಮೆಯಾಗುವುದಿಲ್ಲ. ಬಾಲ್ ಜಾಯಿಂಟ್ ಹಾಕಿದರೆ ಜಾಸ್ತಿಯಾಗುತ್ತದೆ. ಈಗಿರುವ ಒಂದು ಅಕ್ಷದ ಕೀಲೇ ಸರಿಯಾದ ಆಯ್ಕೆ. ಆದರೆ ಅದರ ಮೇಲೆ ನೀವು ಎರಡು ಕೆಲಸ ಹೊರಿಸಿದ್ದೀರಿ. ಒಂದೇ ಬೋಲ್ಟು ತಿರುಗಿಸಲೂ ಬೇಕು, ಹಿಡಿದು ನಿಲ್ಲಿಸಲೂ ಬೇಕು ಅಂದರೆ ಎರಡೂ ಕೆಡುತ್ತವೆ. ತಿರುಗುವ ಕೆಲಸ ಪಿನ್ನಿಗೆ, ನಿಲ್ಲಿಸುವ ಕೆಲಸ ಬೇರೊಂದು ಲಾಕಿಗೆ. ಈ ಎರಡನ್ನು ಬೇರೆ ಮಾಡಿದರೆ ನಿಮ್ಮ ಅರ್ಧ ತೊಂದರೆ ಹೋಗುತ್ತದೆ. ಉಳಿದರ್ಧ ಹಬ್ಬಿನ ಅಳತೆಯಲ್ಲಿದೆ.

ಮೊದಲು ತೂಗಾಟ ಎಲ್ಲಿಂದ ಬರುತ್ತದೆ ನೋಡೋಣ. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 8.5ರ ಡ್ರಿಲ್ ಹಾಕುತ್ತಾರೆ. ಬೋಲ್ಟಿನ ನಿಜವಾದ ಅಳತೆ 8ಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಹಾಗಾಗಿ ತೂತಿಗೂ ಬೋಲ್ಟಿಗೂ ನಡುವೆ ಸುಮಾರು 0.6 ಮಿ.ಮೀ. ಸಂದು. ಕೇಳಲು ಸಣ್ಣದು. ಆದರೆ ಪೈಪು ಆ ಬೋಲ್ಟನ್ನು ಹಿಡಿದಿರುವುದು ಬರೀ 30 ಮಿ.ಮೀ. ಅಗಲದಲ್ಲಿ. 0.6 ಭಾಗಿಸು 30, ಅಂದರೆ 0.02. ಕೀಲಿನಿಂದ ಒಂದು ಮೀಟರ್ ದೂರ ಹೋದರೆ ಅದೇ 20 ಮಿ.ಮೀ. ಅಲ್ಲಾಟ. ಅರ್ಧ ಮೀಟರಿಗೆ 10. ಮಾಡ್ಯೂಲ್ ಒಂದಕ್ಕೊಂದು ಸೇರುತ್ತಾ ಹೋದಂತೆ ಇದೆಲ್ಲ ಕೂಡುತ್ತದೆ. ನಿಮ್ಮ ಕೈಗೆ ಸಿಗುತ್ತಿರುವ ತೂಗಾಟ ಇದೇ.

ಈ ಲೆಕ್ಕದಲ್ಲಿ ಬೋಲ್ಟಿನ ದಪ್ಪ ಎಲ್ಲೂ ಬರಲಿಲ್ಲ ಅಲ್ವಾ? ಬಂದಿದ್ದು ಎರಡೇ: ಸಂದು ಎಷ್ಟು, ಹಿಡಿತದ ಅಗಲ ಎಷ್ಟು. 12 ಮಿ.ಮೀ. ಬೋಲ್ಟು ಹಾಕಿ 12.6ರ ತೂತು ಕೊರೆದರೆ ಅಲ್ಲಾಟ ಅಷ್ಟೇ ಇರುತ್ತದೆ. ಸಂದನ್ನು 0.04ಕ್ಕೆ ಇಳಿಸಿದರೆ ಅದೇ 30 ಮಿ.ಮೀ. ಹಿಡಿತದಲ್ಲಿ ಒಂದು ಮೀಟರಿಗೆ 1.3 ಮಿ.ಮೀ. ಮಾತ್ರ. ಬೋಲ್ಟು ಮುರಿಯುತ್ತದೆಯೋ ಅನ್ನುವ ಭಯ ನಿಮ್ಮ ಅಳತೆಯ ಚೌಕಟ್ಟಿನಲ್ಲಿ ಬೇಡ. 12 ಮಿ.ಮೀ. ಪಿನ್ನಿನ ಅಡ್ಡಕೊಯ್ತದ ವಿಸ್ತೀರ್ಣ 113 ಚದರ ಮಿ.ಮೀ. 2000 ನ್ಯೂಟನ್ ಬಲ ಬಿದ್ದರೂ ಚದರ ಮಿ.ಮೀ.ಗೆ 18 ನ್ಯೂಟನ್ನೂ ಆಗುವುದಿಲ್ಲ. ಉಕ್ಕಿಗೆ ಅದು ಏನೂ ಅಲ್ಲ.

ಸವೆಯುವುದು ಬೋಲ್ಟಲ್ಲ, ಪೈಪಿನ ಗೋಡೆ. ಒಂದು ಬೋಲ್ಟು ಬಿಚ್ಚಿ ತೂತನ್ನು ಬೆಳಕಿಗೆ ಹಿಡಿದು ನೋಡಿ. ಬೋಲ್ಟಿನ ಥ್ರೆಡ್ ಗೋಡೆಯೊಳಗೆ ಬರುವ ಕಡೆ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ಗೀರು, ಒಳಗೆ ಕಪ್ಪು ಪುಡಿ. ಥ್ರೆಡ್ ತನ್ನ ಚೂಪು ತುದಿಗಳಿಂದ ಮಾತ್ರ ಗೋಡೆಯನ್ನು ಮುಟ್ಟುತ್ತದೆ. ಪ್ರತಿ ಸಲ ತಿರುಗಿದಾಗಲೂ ಅರ ಉಜ್ಜಿದಂತೆ ಅಲ್ಯೂಮಿನಿಯಂ ಉಜ್ಜುತ್ತದೆ. ಆದ್ದರಿಂದ ತಿರುಗುವ ಜಾಗದಲ್ಲಿ ಥ್ರೆಡ್ ಇರಲೇಬಾರದು. ಜೊತೆಗೆ 8 ಮಿ.ಮೀ. ಬೋಲ್ಟಿನ ನುಣುಪು ಭಾಗಕ್ಕೆ 50 ಚದರ ಮಿ.ಮೀ. ಅಡ್ಡಕೊಯ್ತ ಇದ್ದರೆ ಥ್ರೆಡ್ ಇರುವ ಕಡೆ ಲೆಕ್ಕಕ್ಕೆ ಸಿಗುವುದು 36.6 ಮಾತ್ರ.

ಈಗ ಕೀಲನ್ನು ಹೊಸದಾಗಿ ಕಟ್ಟೋಣ. ಬೋಲ್ಟಿನ ಮೇಲೆ ಒಂದು ಉಕ್ಕಿನ ಸ್ಲೀವ್, ಅಂದರೆ ಸಣ್ಣ ಕೊಳವೆ, ಹಾಕಿ. ಹೊರಗೆ 12 ಮಿ.ಮೀ., ಒಳಗೆ ಬೋಲ್ಟು ಸರಾಗವಾಗಿ ತೂರುವಷ್ಟು. ಪೈಪಿನ ತೂತು 14 ಮಿ.ಮೀ. ಅದರೊಳಗೆ ಎರಡೂ ಕಡೆಯಿಂದ ಕಾಲರ್ (ಹೊರಚಾಚಿದ ಅಂಚು) ಇರುವ ಪ್ಲಾಸ್ಟಿಕ್ ಬುಷ್, ಅಂದರೆ ತೂತಿನ ಒಳಬಳೆ, ಒತ್ತಿ ಕೂರಿಸಿ. ಒಂದೊಂದು ಕಾಲರ್ 1 ಮಿ.ಮೀ. ದಪ್ಪ ಅಂದುಕೊಳ್ಳಿ. ಎರಡು ಪೈಪಿಗೆ 60, ನಾಲ್ಕು ಕಾಲರಿಗೆ 4, ಒಟ್ಟು 64. ಸ್ಲೀವ್ ಉದ್ದ 64.2 ಇರಲಿ. ಎರಡು ತುದಿಗೂ ದೊಡ್ಡ ವಾಷರ್ ಇಟ್ಟು ನಟ್ಟನ್ನು ಪೂರ್ತಿ ಬಿಗಿ ಮಾಡಿ. ಈಗ ನಟ್ಟು ಒತ್ತುವುದು ಸ್ಲೀವನ್ನು, ಪೈಪನ್ನಲ್ಲ. ಬೋಲ್ಟು, ಸ್ಲೀವ್, ವಾಷರ್ ಎಲ್ಲ ಸೇರಿ ಒಂದೇ ಗಟ್ಟಿ ಪಿನ್ನಾಗುತ್ತದೆ. ಪೈಪುಗಳು ಅದರ ಮೇಲೆ ತಿರುಗುತ್ತವೆ. ಪಕ್ಕಕ್ಕೆ ಜರುಗಲು ಅವಕ್ಕೆ ಇರುವ ಜಾಗ ಆ 0.2 ಮಾತ್ರ. ಅದು ನಟ್ಟು ಎಷ್ಟು ಬಿಗಿಯಾಗಿದೆ ಅನ್ನುವುದರ ಮೇಲೆ ನಿಂತಿಲ್ಲ, ಲೇತಿನಲ್ಲಿ ಕತ್ತರಿಸಿದ ಉದ್ದದ ಮೇಲೆ ನಿಂತಿದೆ. ನಟ್ಟು ನೈಲಾಕ್ (ತಾನಾಗಿ ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವುದು) ಆಗಿರಲಿ. ಸ್ಲೀವ್ ಮಾಡಿಸುವ ರಗಳೆ ಬೇಡ ಅಂದರೆ ಶೋಲ್ಡರ್ ಬೋಲ್ಟ್ (ಉದ್ದಕ್ಕೂ ನುಣುಪು, ತುದಿಯಲ್ಲಿ ಮಾತ್ರ ಥ್ರೆಡ್ ಇರುವುದು) ತಗೊಳ್ಳಿ. ತತ್ವ ಅದೇ.

14 ಮಿ.ಮೀ. ತೂತು ಅಂದಾಗ ಪೈಪು ದುರ್ಬಲ ಆಗುತ್ತದೆ ಅಂತ ಹೆದರಬೇಡಿ. ಕತ್ತರಿ ಚೌಕಟ್ಟಿನಲ್ಲಿ ಪೈಪು ಜಾಸ್ತಿ ಬಾಗುವುದು ನಡುವಿನ ಕೀಲಿನ ಹತ್ತಿರವೇ, ನಿಜ. ಆದರೆ ತೂತು ಪೈಪಿನ ಎತ್ತರದ ಸರಿ ಮಧ್ಯದಲ್ಲಿದ್ದರೆ ಬಾಗುವಾಗ ಅಲ್ಲಿ ಒತ್ತಡ ಕಡಿಮೆ ಇರುತ್ತದೆ. ಕೆಲಸ ಮಾಡುವುದು ಮೇಲಿನ, ಕೆಳಗಿನ ಗೋಡೆಗಳು. ನಿಮ್ಮ ಪೈಪಿಗೆ ಲೆಕ್ಕ ಹಾಕಿದರೆ 14ರ ತೂತಿನಿಂದ ಬಾಗುವಿಕೆ ತಡೆಯುವ ಶಕ್ತಿಯಲ್ಲಿ ಹೋಗುವುದು ಸುಮಾರು ಶೇ. 3. ಅದೇ ತೂತು ಮೇಲಕ್ಕೋ ಕೆಳಕ್ಕೋ ಸರಿದು ಅಂಚಿನ ಹತ್ತಿರ ಹೋದರೆ ಕಥೆ ಬೇರೆ. ಹಾಗಾಗಿ ತೂತಿನ ಅಳತೆಗಿಂತ ಅದರ ಜಾಗದ ಮೇಲೆ ಕಣ್ಣಿಡಿ.

ಸಂದು ಎಷ್ಟು ಬಿಡಬೇಕು? ತೂತಿಗೂ ಪಿನ್ನಿಗೂ ನಡುವಿನ ಸಂದನ್ನು ಎಂಜಿನಿಯರುಗಳು ಎಚ್7/ಜಿ6ರಂಥ ಗುರುತಿನಿಂದ ಹೇಳುತ್ತಾರೆ. 12 ಮಿ.ಮೀ. ಪಿನ್ನಿಗೆ ಎಚ್7/ಜಿ6 ಫಿಟ್ ಅಂದರೆ 6ರಿಂದ 35 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ). ಎಚ್7/ಎಫ್7 ಅಂದರೆ 16ರಿಂದ 52. ಲೋಹದ ಬುಷ್ ಹಾಕುವುದಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಇನ್ನೂ ಬಿಗಿ ಮಾಡಿದರೆ ಒಂದು ಕತ್ತರಿ ಬೆಣ್ಣೆಯಂತೆ ತಿರುಗುತ್ತದೆ, ನಾಲ್ಕು ಸೇರಿಸಿ ಪೆಟ್ಟಿಗೆ ಮಾಡಿದ ಕೂಡಲೇ ಸಿಕ್ಕಿಹಾಕಿಕೊಳ್ಳುತ್ತದೆ. ಯಾಕೆಂದರೆ ಮುಚ್ಚಿದ ಉಂಗುರದಲ್ಲಿ ಕೀಲುಗಳು ಒಂದರ ಮೇಲೊಂದು ಒತ್ತಾಯ ಹೇರುತ್ತವೆ. ತೂತಿನ ಜಾಗದಲ್ಲಿ ಆದ ಸಣ್ಣ ತಪ್ಪನ್ನು ನುಂಗಿಕೊಳ್ಳಲು ಸ್ವಲ್ಪ ಸಂದು ಬೇಕೇ ಬೇಕು. ಬಣ್ಣವನ್ನೂ ಮರೆಯಬೇಡಿ. ಪೌಡರ್ ಕೋಟಿಂಗ್ ಒಂದು ಪದರವೇ 60–80 ಮೈಕ್ರಾನ್ ಇರುತ್ತದೆ. ತೂತಿನೊಳಗೆ ಅದು ಕೂತರೆ ನೀವು ಲೆಕ್ಕ ಹಾಕಿದ ಸಂದು ಪೂರ್ತಿ ಹೋಗುತ್ತದೆ. ತೂತು ಮುಚ್ಚಿ ಬಣ್ಣ ಹೊಡೆಸಿ, ಅಥವಾ ಬಣ್ಣ ಆದಮೇಲೆ ತೂತನ್ನು ಸರಿಯಾದ ಅಳತೆಗೆ ಕೆರೆಯುವ ರೀಮರ್ ಹಾಕಿ.

ಇನ್ನು ತೂತಿಂದ ತೂತಿನ ದೂರ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ಪೈಪಿಗೆ ಮೂರು ತೂತು: ಎರಡು ತುದಿ, ಒಂದು ನಡು. ಪೂರ್ತಿ ಮಡಚಿಕೊಳ್ಳಬೇಕಾದರೆ ಒಂದು ನಿಯಮ ಇದೆ. ಎರಡು ಕತ್ತರಿಗಳು ಒಂದು ಜೊತೆ ಹಬ್‌ಗಳಲ್ಲಿ ಸೇರುತ್ತವಲ್ಲ, ಆ ಗೆರೆಯ ಎಡಕ್ಕಿರುವ ಎರಡು ಅರ್ಧಗಳ ಉದ್ದ ಕೂಡಿದರೆ, ಬಲಕ್ಕಿರುವ ಎರಡು ಅರ್ಧಗಳ ಮೊತ್ತಕ್ಕೆ ಸಮ ಇರಬೇಕು. ಸ್ಪೇನಿನ ಫೆಲಿಕ್ಸ್ ಎಸ್ಕ್ರಿಗ್ ಈ ಬಗೆಯ ರಚನೆಗಳ ಮೇಲೆ ಮಾಡಿದ ಕೆಲಸದಿಂದ ಈ ನಿಯಮ ಹೆಸರಾಯಿತು. ಅದಕ್ಕೂ ಮೊದಲು, 1961ರಲ್ಲಿ, ಅದೇ ದೇಶದ ಎಮಿಲಿಯೊ ಪೆರೆಸ್ ಪಿನ್ಯೆರೊ ಮಡಚುವ ಸಂಚಾರಿ ರಂಗಮಂದಿರದ ವಿನ್ಯಾಸ ತೋರಿಸಿದ್ದು ಇಂಥ ಕತ್ತರಿ ಸರಳುಗಳಿಂದಲೇ.

ನಿಮ್ಮ ಪೈಪಿನಲ್ಲಿ ಇದರ ಅರ್ಥ ಏನು? ನಡುವಿನ ತೂತು 0.5 ಮಿ.ಮೀ. ಆಚೀಚೆ ಆಯಿತು ಅನ್ನಿ. ಆಗ ಒಂದು ಅರ್ಧ ಉದ್ದ, ಇನ್ನೊಂದು ಗಿಡ್ಡ. ಎಲ್ಲ ಪೈಪಿನ ಉದ್ದರ್ಧವೂ ಮೇಲೆಯೇ ಬರುವಂತೆ ಜೋಡಿಸಿದರೆ ನಿಯಮ ಮುರಿಯುವುದಿಲ್ಲ. ಮಡಚಿಕೊಳ್ಳುತ್ತದೆ, ಆದರೆ ಬಿಚ್ಚಿದಾಗ ಸಾಲು ಸ್ವಲ್ಪ ಕಮಾನಾಗುತ್ತದೆ. ಕಮಾನು ಚಾವಣಿ ಬೇಕಾದವರು ಬೇಕೆಂದೇ ಹೀಗೆ ಮಾಡುತ್ತಾರೆ. ಆದರೆ ಪೈಪುಗಳನ್ನು ಹೇಗೆಂದರೆ ಹಾಗೆ ಜೋಡಿಸಿ, ಎಡಕ್ಕೆ ಎರಡು ಉದ್ದ, ಬಲಕ್ಕೆ ಎರಡು ಗಿಡ್ಡ ಬಂದರೆ? ಮೊತ್ತದಲ್ಲಿ 2 ಮಿ.ಮೀ. ವ್ಯತ್ಯಾಸ. ಕೊನೆಯಲ್ಲಿ ಸಿಕ್ಕಿ ನಿಂತುಬಿಡುತ್ತದೆ. ಆಗ ಜನ ಒತ್ತುತ್ತಾರೆ, ತೂತು ಮೊಟ್ಟೆಯಾಗುತ್ತದೆ.

ಆದ್ದರಿಂದ ಟೇಪ್ ಹಿಡಿದು ಗುರುತು ಹಾಕಿ ಕೊರೆಯಬೇಡಿ. ಗಟ್ಟಿ ತಟ್ಟೆಯ ಮೇಲೆ ಡ್ರಿಲ್ಲಿಗೆ ದಾರಿ ತೋರುವ ಮೂರು ಗಟ್ಟಿ ಬುಷ್ ಇರುವ ಒಂದು ಜಿಗ್ (ಕೊರೆಯುವ ಅಚ್ಚು) ಮಾಡಿ, ಎಲ್ಲ ಪೈಪನ್ನೂ ಅದರಲ್ಲೇ, ಒಂದೇ ತುದಿ ತಾಗಿಸಿ ಕೊರೆಯಿರಿ. ಎಲ್ಲ ಪೈಪಿನಲ್ಲೂ ಒಂದೇ ತಪ್ಪಿದ್ದರೆ ಅದು ಕೆಲಸ ಕೆಡಿಸುವುದಿಲ್ಲ. ಒಂದೊಂದರಲ್ಲಿ ಒಂದೊಂದು ತಪ್ಪಿದ್ದರೆ ಕೆಡಿಸುತ್ತದೆ. ತಾಗಿಸಿದ ತುದಿಗೆ ಒಂದು ಚುಕ್ಕೆ ಒತ್ತಿಬಿಡಿ. ಜೋಡಿಸುವಾಗ ಚುಕ್ಕೆ ಎಲ್ಲ ಮೇಲೆ ಅಥವಾ ಎಲ್ಲ ಕೆಳಗೆ.

ಈಗ ಹಬ್ಬಿಗೆ ಬರೋಣ. ನಿಮ್ಮ ಚೌಕಟ್ಟು ಪೂರ್ತಿ ಮುಚ್ಚಿಕೊಳ್ಳದಿರಲು ಇದು ಇನ್ನೊಂದು ಕಾರಣ, ಬಹುಶಃ ಮುಖ್ಯ ಕಾರಣವೂ ಇದೇ. ಕಾಗದದ ಮೇಲೆ ನಾಲ್ಕು ಗೆರೆ ಒಂದು ಬಿಂದುವಿನಲ್ಲಿ ಸೇರುತ್ತವೆ. ಪೈಪಿಗೆ ದಪ್ಪ ಇದೆ, ಅವು ಸೇರಲು ಸಾಧ್ಯವಿಲ್ಲ. ಮಡಚಿದಾಗ ಎಲ್ಲ ಪೈಪೂ ನೆಟ್ಟಗೆ ನಿಂತು ಒಂದು ಕಟ್ಟಾಗಬೇಕು. ಒಂದು ದಿಕ್ಕಿನ ಜೋಡಿ ಇನ್ನೊಂದು ದಿಕ್ಕಿನ ಜೋಡಿಗೆ ಡಿಕ್ಕಿ ಹೊಡೆಯಬಾರದು. ಹಬ್ಬಿನ ನಡುವಿನಿಂದ ಪಿನ್ನು ಎಷ್ಟು ದೂರ ಇರಬೇಕು ಅನ್ನುವುದಕ್ಕೆ ಲೆಕ್ಕ ಸುಲಭ. ಕತ್ತರಿ ಜೋಡಿಯ ಒಟ್ಟು ಅಗಲದ ಅರ್ಧ, ಅದಕ್ಕೆ ಪೈಪಿನ ಎತ್ತರದ ಅರ್ಧ, ಮೇಲೆ ಸ್ವಲ್ಪ ಜಾಗ. ನಿಮ್ಮ ಜೋಡಿ 64 ಮಿ.ಮೀ. ಅಗಲ: 32 + 15 + 2, ಅಂದರೆ 49 ಮಿ.ಮೀ. ಇದಕ್ಕಿಂತ ಚಿಕ್ಕ ಹಬ್ ಮಾಡಿದರೆ ಎಷ್ಟು ಒಳ್ಳೆಯ ಬುಷ್ ಹಾಕಿದರೂ ಮುಚ್ಚಿಕೊಳ್ಳುವುದಿಲ್ಲ. ಬೋಲ್ಟಿನ ತಲೆ, ನಟ್ಟು ಎಲ್ಲಿ ಬರುತ್ತವೆ ಅಂತಲೂ ಮಡಚಿದ ಸ್ಥಿತಿಯ ಚಿತ್ರ ಬರೆದು ನೋಡಿ. ನಾನಂತೂ ಯಾವಾಗಲೂ ಮಡಚಿದ ಚಿತ್ರವನ್ನೇ ಮೊದಲು ಬರೆಯುತ್ತೇನೆ. ಬಿಚ್ಚಿದ ಚಿತ್ರದಲ್ಲಿ ತಪ್ಪು ಕಾಣಿಸುವುದಿಲ್ಲ.

ಹಬ್ ದೊಡ್ಡದಾದರೆ ಮಾಡ್ಯೂಲಿನ ಅಳತೆಯೂ ಬದಲಾಗುತ್ತದೆ. ಪಿನ್ನಿನಿಂದ ಪಿನ್ನಿಗೆ 1 ಮೀಟರ್ ಇರುವ ಪೈಪು ನೆಲಕ್ಕೆ 45 ಡಿಗ್ರಿ ಕೋನಕ್ಕೆ ತೆರೆದಾಗ ಅಡ್ಡಲಾಗಿ 707 ಮಿ.ಮೀ. ಹೋಗುತ್ತದೆ. ಅದಕ್ಕೆ ಎರಡು ಕಡೆಯ 49 ಸೇರಿಸಿ: 805. ಮಡಚಿದಾಗ ಹಬ್ಬಿಂದ ಹಬ್ಬಿಗೆ 98. ಆದರೆ ಪೂರ್ತಿ 90 ಡಿಗ್ರಿಗೆ ನಿಲ್ಲುವಂತೆ ಮಾಡಬೇಡಿ. ಅಲ್ಲಿ ಮೇಲಿನ ಹಬ್ಬನ್ನು ಎಷ್ಟು ಕೆಳಗೆ ಒತ್ತಿದರೂ ಕತ್ತರಿ ತೆರೆಯುವುದಿಲ್ಲ. 88 ಡಿಗ್ರಿಯಲ್ಲಿ ಒಂದು ರಬ್ಬರ್ ತಡೆ ಕೊಡಿ. ಮಾಡ್ಯೂಲಿಗೆ 35 ಮಿ.ಮೀ. ಜಾಸ್ತಿ ಜಾಗ ಹೋಗುತ್ತದೆ, ಆದರೆ ತೆರೆಯುವಾಗ ಹೆಣಗಾಡುವುದು ತಪ್ಪುತ್ತದೆ. ಇನ್ನೊಂದು ತುದಿಯಲ್ಲೂ ಆಸೆ ಬೇಡ. ಜಾಸ್ತಿ ಅಗಲ ಸಿಗಲಿ ಅಂತ ಪೈಪುಗಳನ್ನು ಮಲಗಿಸುತ್ತಾ ಹೋದರೆ ಪಿನ್ನಿನ ಮೇಲಿನ ಬಲ ಏರುತ್ತದೆ. ಮೇಲಿನ ಭಾರವನ್ನು ಹಿಡಿಯಲು ಬೇಕಾದ ಅಡ್ಡ ಬಲ 45 ಡಿಗ್ರಿಯಲ್ಲಿ ಭಾರದಷ್ಟೇ. 30ರಲ್ಲಿ 1.7 ಪಟ್ಟು. 20ರಲ್ಲಿ 2.7 ಪಟ್ಟು. 10ಕ್ಕೆ ಇಳಿದರೆ 5.7 ಪಟ್ಟು. ಕೆಲಸ ಮಾಡುವ ಕೋನ 35ಕ್ಕಿಂತ ಕೆಳಗೆ ಹೋಗದಿರಲಿ.

ಹಬ್ಬಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕತ್ತರಿಯ ಎರಡು ಪೈಪು ಒಂದರ ಪಕ್ಕ ಒಂದು ಇರುವುದರಿಂದ ಯಾವುದೂ ಹಬ್ಬಿನ ನಡುಗೆರೆಯ ಮೇಲೆ ಬರುವುದಿಲ್ಲ. ಒಂದೊಂದೂ ಸುಮಾರು 16 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ನಾಲ್ಕು ದಿಕ್ಕಿನ ಹಬ್ಬಿನಲ್ಲಿ ನಾಲ್ಕು ಸೀಳುಗಳೂ ಒಂದೇ ಸುತ್ತಿಗೆ, ಗಿರಗಿಟ್ಟಲೆಯ ರೆಕ್ಕೆಗಳ ಹಾಗೆ, ಸರಿದಿರಬೇಕು. ಹಾಗೆ ಮಾಡದೆ ಸೀಳುಗಳನ್ನು ನಡುಗೆರೆಗೇ ಕೊರೆದರೆ ಪೈಪು ಓರೆಯಾಗಿ ಎಳೆದುಕೊಂಡು ಪಿನ್ನನ್ನು ಕಚ್ಚುತ್ತದೆ. ಸರಿಸಿದ್ದಕ್ಕೆ ಬೆಲೆಯೂ ಇದೆ. ನಾಲ್ಕು ಪೈಪೂ 500 ನ್ಯೂಟನ್ನಿನಂತೆ ಒತ್ತಿದರೆ ಹಬ್ಬನ್ನು ತಿರುಚುವ ಬಲ ಸುಮಾರು 32 ನ್ಯೂಟನ್ ಮೀಟರ್. ಚೌಕಟ್ಟಿಗೆ ಭಾರ ಬಿದ್ದಾಗ ಹಬ್ಬುಗಳು ಮೆಲ್ಲಗೆ ಸುತ್ತುವುದನ್ನು ನೀವೂ ಗಮನಿಸಿರಬಹುದು.

ಇದನ್ನು ಕಡಿಮೆ ಮಾಡಲು ಎರಡು ದಾರಿ. ಒಂದು, 30×30ರ ಬದಲು 20×40 ಪೈಪನ್ನು ಎತ್ತರ 40 ಬರುವಂತೆ ನಿಲ್ಲಿಸಿ ಬಳಸುವುದು. ಪೈಪು ಪಕ್ಕಕ್ಕೆ ಸರಿದಿರುವ ದೂರ 11 ಮಿ.ಮೀ.ಗೆ ಇಳಿಯುತ್ತದೆ, ಬಾಗುವ ದಿಕ್ಕಿನಲ್ಲಿ ಪೈಪೂ ಗಟ್ಟಿ. ಆದರೆ ಪಿನ್ನನ್ನು ಹಿಡಿಯುವ ಅಗಲ 20ಕ್ಕೆ ಇಳಿಯುವುದರಿಂದ ಬುಷ್ ಫಿಟ್ ಇನ್ನೂ ಚೊಕ್ಕವಾಗಿರಬೇಕು. ಇನ್ನೊಂದು, ಕತ್ತರಿಯ ಒಂದು ಕೈಯನ್ನು ಎರಡು ಚಪ್ಪಟೆ ಪಟ್ಟಿಗಳಾಗಿ ಮಾಡಿ, ಇನ್ನೊಂದು ಕೈಯನ್ನು ಅವುಗಳ ನಡುವೆ ತೂರಿಸುವುದು. ಆಗ ಎಲ್ಲವೂ ನಡುಗೆರೆಗೇ ಬರುತ್ತದೆ, ಪಿನ್ನಿಗೆ ಎರಡೂ ಕಡೆ ಆಸರೆ ಸಿಗುತ್ತದೆ. ಬಿಡಿಭಾಗಗಳು ಜಾಸ್ತಿ, ಕೆಲಸವೂ ಜಾಸ್ತಿ. ನಿಮ್ಮ ಅಳತೆಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಹಾಗೆ ಮಾಡಿದರೆ ಹಬ್ಬಿನ ಲೆಕ್ಕ, ಸ್ಲೀವ್ ಉದ್ದ ಎರಡನ್ನೂ ಹೊಸದಾಗಿ ಹಾಕಿ.

ಇನ್ನು ಲಾಕ್. ಕೀಲಿನ ಮೇಲೆಯೇ ಹಲ್ಲಿನ ಚಕ್ರ, ಸ್ಪ್ರಿಂಗ್ ಪಿನ್ನು ಅಂತ ಏನಾದರೂ ಕೂರಿಸಬೇಕು ಅಂತ ಮನಸ್ಸು ಎಳೆಯುತ್ತದೆ. ಬೇಡ. ಕೀಲಿನಲ್ಲಿ 60 ನ್ಯೂಟನ್ ಮೀಟರ್ ತಿರುಚು ಬಲ ಬರುತ್ತದೆ ಅನ್ನಿ. ಅಕ್ಷದಿಂದ 25 ಮಿ.ಮೀ. ದೂರದ ಲಾಕ್ ಪಿನ್ನಿನ ಮೇಲೆ ಅದು 2400 ನ್ಯೂಟನ್ ಆಗಿ ಬೀಳುತ್ತದೆ. ಅದೇ ಕೆಲಸಕ್ಕೆ ಮೇಲಿನ ಹಬ್ಬಿಗೂ ಕೆಳಗಿನ ಹಬ್ಬಿಗೂ ನಡುವೆ ಒಂದು ನೆಟ್ಟಗಿನ ಸರಳು ಹಾಕಿದರೆ ಅದರ ಮೇಲೆ ಬೀಳುವುದು ಸುಮಾರು 170 ನ್ಯೂಟನ್. ಲಾಕನ್ನು ಅಕ್ಷದಿಂದ ದೂರ ಒಯ್ದಷ್ಟೂ ಅದು ಸಣ್ಣದಾಗಿ, ಹಗುರಾಗಿ ಇರಬಹುದು. ಅದರ ಸಂದಿನಿಂದ ಬರುವ ಅಲ್ಲಾಟವೂ ಅಷ್ಟೇ ಕಡಿಮೆಯಾಗುತ್ತದೆ.

ಈ ಸರಳಿಗೆ ಓವರ್‌ಸೆಂಟರ್ ಲ್ಯಾಚ್ ಹಾಕಿ. ಹಿಡಿ ಒತ್ತಿದಾಗ ನೇರ ಗೆರೆಯನ್ನು 2–3 ಡಿಗ್ರಿ ದಾಟಿ ಕೂರುವ ಬಗೆಯದು. ಸರಳು ಸ್ವಲ್ಪ ಗಿಡ್ಡವಾಗಿರಲಿ. ಲ್ಯಾಚ್ ಎರಡು ಹಬ್ಬನ್ನೂ ಹತ್ತಿರಕ್ಕೆ ಎಳೆದಾಗ ಕತ್ತರಿ ಇನ್ನೂ ತೆರೆಯಲು ನೋಡುತ್ತದೆ. ಅದನ್ನು ತಡೆಯಲು ಹಬ್ಬುಗಳ ನಡುವೆ ಅಡ್ಡಲಾಗಿ ಒಂದು ತೆಳು ಉಕ್ಕಿನ ಹಗ್ಗ ಕಟ್ಟಿ. ಎರಡೂ ಬಿಗಿಯಾದಾಗ ಪ್ರತಿ ಪಿನ್ನೂ ತನ್ನ ಬುಷ್‌ನ ಒಂದೇ ಬದಿಗೆ ಒತ್ತಿಕೊಳ್ಳುತ್ತದೆ. ಸಂದು ಇರುತ್ತದೆ, ಆದರೆ ಅಲ್ಲಾಡಲು ಜಾಗ ಇರುವುದಿಲ್ಲ. ತಿರುಗುವಾಗ ಸಡಿಲ, ನಿಂತಾಗ ಬಿಗಿ ಅನ್ನುವುದು ಹೀಗೆ ಸಾಧ್ಯವಾಗುತ್ತದೆ. ಲೆಕ್ಕಕ್ಕೆ ಇಡೀ ಸಾಲಿಗೆ ಒಂದೇ ಲಾಕ್ ಸಾಕು, ಯಾಕೆಂದರೆ ಒಂದು ಕತ್ತರಿ ನಿಂತರೆ ಎಲ್ಲವೂ ನಿಲ್ಲಬೇಕು. ನಿಜದಲ್ಲಿ ಪೈಪು ಬಾಗುತ್ತದೆ, ಸಂದು ಕೂಡುತ್ತದೆ. ಎರಡು ಮೂರು ಮಾಡ್ಯೂಲಿಗೆ ಒಂದು ಇರಲಿ. ಬರೀ ಉಜ್ಜಾಟದ ಮೇಲೆ ನಿಲ್ಲುವ ಬಿಗಿ ಹಿಡಿಗಳನ್ನು ತಲೆಯ ಮೇಲಿರುವ ಯಾವುದಕ್ಕೂ ನಂಬಬೇಡಿ. ಅಲುಗಾಟಕ್ಕೆ ಅವು ಮೆಲ್ಲಗೆ ಜಾರುತ್ತವೆ.

ಬಾಲ್ ಜಾಯಿಂಟ್ ವಿಷಯ ಚಿಕ್ಕದು. ಅದು ಮೂರು ದಿಕ್ಕಿಗೂ ತಿರುಗುತ್ತದೆ, ನಿಮಗೆ ಬೇಕಿರುವುದು ಒಂದೇ. ಬೇಡದ ಎರಡನ್ನು ತಡೆಯಲು ಇನ್ನಷ್ಟು ಸರಳು ಕಟ್ಟಬೇಕಾಗುತ್ತದೆ. ಕಾಲುಗಳ ಕೆಳಗೆ ಮಾತ್ರ ಹಾಕಿ, ನೆಲ ಏರುಪೇರಿದ್ದರೆ ಅಲ್ಲಿ ಅದು ಒಳ್ಳೆಯದು.

ಬುಷ್‌ಗೆ ಅಸಿಟಾಲ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಅಥವಾ ಕಂಚು ತಗೊಳ್ಳಿ. ನೈಲಾನ್ ತೇವ ಹೀರಿ ಉಬ್ಬುತ್ತದೆ, ಬಿಸಿಲಲ್ಲಿ ಸರಾಗವಾಗಿದ್ದ ಕೀಲು ಮಳೆಯಲ್ಲಿ ಬಿಗಿಯಾಗುತ್ತದೆ. ಹೊರಗೆ ನಿಲ್ಲುವ ಚೌಕಟ್ಟಾದರೆ ಪ್ಲಾಸ್ಟಿಕ್ಕೇ ಮೇಲು. ಸ್ಟೇನ್‌ಲೆಸ್ ಬೋಲ್ಟು ನೇರವಾಗಿ ಅಲ್ಯೂಮಿನಿಯಂಗೆ ತಾಗಿ ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನಡುವೆ ಪ್ಲಾಸ್ಟಿಕ್ ಇದ್ದರೆ ಆ ತಂಟೆ ಇಲ್ಲ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನೇ ಹಾಕುವುದಾದರೆ ಥ್ರೆಡ್ಡಿಗೆ ಆ್ಯಂಟಿ ಸೀಜ್ ಪೇಸ್ಟ್ ಹಚ್ಚಿ, ಇಲ್ಲದಿದ್ದರೆ ಅವೆರಡೂ ಕಚ್ಚಿಕೊಂಡುಬಿಡುತ್ತವೆ.

ಬೆರಳುಗಳ ಬಗ್ಗೆ ದಯವಿಟ್ಟು ಯೋಚಿಸಿ. ಮುಚ್ಚಿಕೊಳ್ಳುವ ಕತ್ತರಿ ಬೆರಳನ್ನು ನಿಜವಾಗಿಯೂ ಕತ್ತರಿಸಬಲ್ಲದು. ಬೆರಳು ಜಜ್ಜದಿರಲು ಕನಿಷ್ಠ 25 ಮಿ.ಮೀ. ಜಾಗ ಬೇಕು ಅನ್ನುತ್ತದೆ ಯಂತ್ರಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13854. ಕೀಲಿನ ಹತ್ತಿರ ಅಷ್ಟು ಜಾಗ ಬಿಡಲು ಆಗುವುದಿಲ್ಲ. ಹಾಗಾಗಿ ಕೈ ಹಿಡಿಯುವ ಜಾಗವನ್ನು ನೀವೇ ನಿರ್ಧರಿಸಿ. ಹಬ್ಬುಗಳಿಗೆ ಹಿಡಿ ಕೊಟ್ಟು, ಬೇರೆ ಬಣ್ಣ ಬಳಿದು, ಜನ ಪೈಪು ಹಿಡಿಯದೆ ಅಲ್ಲೇ ಹಿಡಿಯುವಂತೆ ಮಾಡಿ. ಚೌಕಟ್ಟಿನ ಕೆಳಗೆ ಜನ ನಿಲ್ಲುವುದಿದ್ದರೆ, ಮೇಲೆ ಬಟ್ಟೆ ಹೊದಿಸುವುದಿದ್ದರೆ, ಗಾಳಿಯ ಹೊರೆಯನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲಿ ಲೆಕ್ಕ ಮಾಡಿಸಲೇಬೇಕು. ಹೊದಿಕೆ ಇಲ್ಲದ ಚೌಕಟ್ಟಿಗೂ ಹೊದಿಕೆ ಇರುವ ಚೌಕಟ್ಟಿಗೂ ಬಲದಲ್ಲಿ ಹೋಲಿಕೆಯೇ ಇಲ್ಲ.

ಈಗಿರುವ ಪೈಪನ್ನೆಲ್ಲ ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಜಿಗ್ ಮಾಡಿ ಎರಡು ಮಾಡ್ಯೂಲಿಗೆ ಬೇಕಾದಷ್ಟು ಮಾತ್ರ ಕೊರೆಯಿರಿ. ಹಬ್ಬನ್ನು ಮೊದಲು ಪ್ಲೈವುಡ್ಡಿನಲ್ಲೋ ಥ್ರೀಡಿ ಪ್ರಿಂಟಿನಲ್ಲೋ ಮಾಡಿ ನೋಡಬಹುದು, ಪಿನ್ನು ಮಾತ್ರ ಉಕ್ಕಿನದೇ ಇರಲಿ. ಒಂದೇ ಮಾಡ್ಯೂಲಿನಲ್ಲಿ ಎಲ್ಲವೂ ಸರಿ ಕಾಣುತ್ತದೆ. ಪಕ್ಕಕ್ಕೆ ಎರಡನೆಯದು ಸೇರಿದಾಗಲೇ ತಪ್ಪು ಹೊರಬರುವುದು. ಎರಡನ್ನೂ ಸೇರಿಸಿ, ಒಂದು ಬದಿಯನ್ನು ಗೋಡೆಗೆ ಬಿಗಿದು, ಇನ್ನೊಂದು ತುದಿಯನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ಎಷ್ಟು ಮಿ.ಮೀ. ಹೋಗುತ್ತದೆ ಅಂತ ಸ್ಕೇಲ್ ಹಿಡಿದು ಬರೆದಿಡಿ. ಲ್ಯಾಚ್ ಹಾಕಿ ಮತ್ತೆ ಅಳೆಯಿರಿ. ಆಮೇಲೆ ನೂರಾರು ಸಲ ಮಡಚಿ ಬಿಚ್ಚಿ ಮತ್ತೆ ಅಳೆಯಿರಿ. ಮೂರನೆಯ ಅಳತೆ ಎರಡನೆಯದಕ್ಕೆ ಹತ್ತಿರ ಇದ್ದರೆ ಉಳಿದ ಪೈಪು ಕೊರೆಯಿರಿ. ದೂರ ಹೋಗಿದ್ದರೆ ಎಲ್ಲ ಪಿನ್ನನ್ನೂ ಬಿಚ್ಚಿ, ಯಾವ ಬುಷ್‌ನಲ್ಲಿ ಕಪ್ಪು ಪುಡಿ ಬಂದಿದೆ ಅಂತ ನೋಡಿ. ಪುಡಿ ಒಂದೇ ಬದಿಗಿದ್ದರೆ ಪೈಪು ಓರೆ ಎಳೆಯುತ್ತಿದೆ, ಹಬ್ಬಿನ ಸೀಳನ್ನು ಸರಿಮಾಡಿ. ಸುತ್ತಲೂ ಇದ್ದರೆ ಬುಷ್‌ನ ವಸ್ತುವನ್ನೋ ಸ್ಲೀವ್‌ನ ನುಣುಪನ್ನೋ ಬದಲಾಯಿಸಿ.